ಎಲ್ಲ ಏದುಸಿರೂ ಅಸ್ತಮಾ ಅಲ್ಲ: ಭಾನುವಾರದ ಪ್ರಶ್ನೋತ್ತರ

ಡಾಕ್ಟರು: ನಮಸ್ಕಾರ. ಅಸ್ತಮಾ, ಬೀಡಿ ಸಿಗರೇಟಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಒಪಿಡಿ, ಎರಡನ್ನೂ ಹೋದ ತಿಂಗಳೇ ಮುಗಿಸಿದ್ದೇವೆ. ಇವತ್ತು ಇನ್‌ಹೇಲರ್‌ಗೂ ಜಗ್ಗದ ಏದುಸಿರಿನ ಬಗ್ಗೆ ಮಾತ್ರ ಕೇಳಿ. ವಯಸ್ಸು, ಕೆಲಸ, ಎಷ್ಟು ದಿನದಿಂದ, ಯಾವ ಮಾತ್ರೆ, ಇಷ್ಟನ್ನು ಬರೆಯಿರಿ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಫೋಟೊ ತೆಗೆದು ಹಾಕಬೇಡಿ. ಅದರಲ್ಲಿ ನನಗೆ ಕಾಣುವುದು ನಿಮ್ಮ ಎದುರು ಮನೆ.

ಗೀತಾ: ಸರ್, ಅಮ್ಮನಿಗೆ 56. ಬೆಂಗಳೂರು, ಮೂರನೇ ಮಹಡಿ. ಒಂದೂವರೆ ವರ್ಷದಿಂದ ಒಣಕೆಮ್ಮು. ಈಗ ಒಂದು ಮಹಡಿ ಹತ್ತಿದರೆ ಕೂತುಬಿಡ್ತಾರೆ. ಅಸ್ತಮಾ ಅಂತ ಎರಡು ಇನ್‌ಹೇಲರ್ ಆಯ್ತು. ಆಮೇಲೆ ಟಿಬಿ ಇರಬಹುದು ಅಂತ ಆರು ತಿಂಗಳು ಮಾತ್ರೆ ಆಯ್ತು. ಏನೂ ಕಮ್ಮಿ ಆಗಿಲ್ಲ. 7 ಕೆಜಿ ಇಳಿದಿದ್ದಾರೆ.

ಡಾಕ್ಟರು: ನಾಲ್ಕು ಪ್ರಶ್ನೆ. ಕಫದಲ್ಲಿ ಟಿಬಿ ಸಿಕ್ಕಿತ್ತಾ? ಬೆರಳ ತುದಿ ದಪ್ಪಗಾಗಿ ಉಗುರು ಬಾಗಿವೆಯಾ? ಊರಿಗೆ ಹೋದಾಗ ಕೆಮ್ಮು ಕಮ್ಮಿ ಆಗುತ್ತದಾ? ಮನೆ ಹತ್ತಿರ ಪಾರಿವಾಳ ಇವೆಯಾ?

ಗೀತಾ: ಕಫ ಟೆಸ್ಟ್ ನೆಗೆಟಿವ್ ಬಂದಿತ್ತು, ಆದರೂ ಮಾತ್ರೆ ಶುರು ಮಾಡಿದರು. ಉಗುರು ಈಗ ನೋಡಿದೆ, ಹೌದು ಸರ್, ಬಾಗಿವೆ. ತೀರ್ಥಹಳ್ಳಿಗೆ ಹೋಗಿ 20 ದಿನ ಇದ್ದಾಗ ಚೆನ್ನಾಗಿದ್ದರು, ಹವೆ ಬದಲಾವಣೆ ಅಂದುಕೊಂಡಿದ್ದೆವು. ಪಾರಿವಾಳ ಜಾಸ್ತಿ. ಅಪ್ಪ ದಿನಾ ಬಾಲ್ಕನಿಯಲ್ಲಿ ಕಾಳು ಹಾಕ್ತಾರೆ, ಗುಡಿಸೋದು ಅಮ್ಮ.

ಡಾಕ್ಟರು: ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಎಲ್ಲರೂ ಓದಿ.

ಅಸ್ತಮಾದಲ್ಲಿ ತೊಂದರೆ ಗಾಳಿ ಹೋಗುವ ಕೊಳವೆಯಲ್ಲಿ. ಅದು ಬಿಗಿಯಾಗುತ್ತದೆ, ಇನ್‌ಹೇಲರ್ ಬಿಡಿಸುತ್ತದೆ. ನಿಮ್ಮ ತಾಯಿ ವಿಷಯದಲ್ಲಿ ನನಗೆ ಅನುಮಾನ ಇರುವುದು ಅದರಾಚೆ, ಗಾಳಿಯಿಂದ ಆಕ್ಸಿಜನ್ ರಕ್ತಕ್ಕೆ ದಾಟುವ ಆ ತೆಳು ಪದರದಲ್ಲಿ. ಪಾರಿವಾಳದ ಹಿಕ್ಕೆ, ರೆಕ್ಕೆಯ ಪುಡಿ ಒಣಗಿ ಗಾಳಿಗೆ ಸೇರುತ್ತದೆ. ಕೆಲವರ ದೇಹ ಅದನ್ನು ಶತ್ರು ಅಂತ ತಿಳಿದು ವರ್ಷಗಟ್ಟಲೆ ಜಗಳಕ್ಕೆ ನಿಲ್ಲುತ್ತದೆ. ಪದರ ಮೊದಲು ಊದುತ್ತದೆ, ಆಮೇಲೆ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಹೆಸರು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಅಪರೂಪ ಅಂತ ನಾವು ಓದಿದ್ದು. ಆದರೆ 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ ದಾಖಲೆಯಲ್ಲಿ, ಅಂದರೆ ಈ ಪದರದ ಕಾಯಿಲೆಗಳ ಲೆಕ್ಕದಲ್ಲಿ, 1,084 ರೋಗಿಗಳ ಪೈಕಿ ಶೇ. 47ರಷ್ಟು ಜನರಿಗೆ ಇದೇ ಇತ್ತು. ಅವರಲ್ಲಿ ಸುಮಾರು ಅರ್ಧ ಜನ ಏರ್ ಕೂಲರ್ ಬಳಸುವವರು. ತೇವದ ಪ್ಯಾಡಿನಲ್ಲಿ ಬೂಸ್ಟು ಬೆಳೆಯುತ್ತದೆ ನೋಡಿ. ಕಲಬುರಗಿ, ರಾಯಚೂರಿನವರು ಇದನ್ನು ಗಮನಿಸಿ.

ಮಾಡಬೇಕಾದ್ದು: ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳುವ ಡಾಕ್ಟರ ಹತ್ತಿರ ಹೋಗಿ. ಮಕ್ಕಳ ಶೂ ಪಟ್ಟಿ ಕಿತ್ತಾಗ ಬರುವ ಪರಪರ ಶಬ್ದ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ನಂತರ ಎಚ್‌ಆರ್‌ಸಿಟಿ, ಅಂದರೆ ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್. ಮಾಮೂಲಿ ಎಕ್ಸ್‌ರೇಯಲ್ಲಿ ಶುರುವಿನಲ್ಲಿ ಇದು ಕಾಣದೇ ಇರಬಹುದು. ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆ ಪಿಎಫ್‌ಟಿ ಮಾಡಿಸುವಾಗ ಡಿಎಲ್‌ಸಿಒ ಅನ್ನುವ ಅಳತೆಯನ್ನೂ ಸೇರಿಸಿ ಅಂತ ಬಾಯಿಬಿಟ್ಟು ಕೇಳಿ, ಆ ಪದರ ಎಷ್ಟು ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದು ಅದರಲ್ಲೇ. ಆರು ನಿಮಿಷ ನಡೆಸಿ ಆಕ್ಸಿಜನ್ ನೋಡಬೇಕು. ಕೂತಾಗ 97 ಇದ್ದದ್ದು ನಡೆದಾಗ 86 ಆಗುವವರನ್ನು ನೋಡಿದ್ದೇನೆ.

ಊತ ಇದ್ದರೆ ಸ್ಟೀರಾಯ್ಡ್ ಕೇಳುತ್ತದೆ. ಕಲೆಗಟ್ಟಿದ್ದು ವಾಪಸ್ ಬರಲ್ಲ, ಮುಂದುವರಿಯುವುದನ್ನು ನಿಧಾನ ಮಾಡುವ ಮಾತ್ರೆಗಳಿವೆ, ಅಷ್ಟೇ. ಉಗುರು ಬಾಗಿವೆ ಅಂದಿರಲ್ಲ, ಅದು ನನಗೆ ಇಷ್ಟವಾಗಲಿಲ್ಲ. ಈ ವಾರವೇ ಹೋಗಿ. ಕಾಳು ಇವತ್ತೇ ನಿಲ್ಲಿಸಿ. ಬಾಲ್ಕನಿಯನ್ನು ಬೇರೆಯವರು ಮಾಸ್ಕ್ ಹಾಕಿ, ನೀರು ಚಿಮುಕಿಸಿ ತೊಳೆಯಲಿ. ಒಣ ಪೊರಕೆ ಮುಟ್ಟಬೇಡಿ.

ಪ್ರಕಾಶ್: ಡಾಕ್ಟ್ರೇ, ಇನ್‌ಹೇಲರ್ ಚಟ ಆಗುತ್ತಾ?

ಡಾಕ್ಟರು: ಇಲ್ಲ.

ಶ್ರೀನಿವಾಸ: ಮೂಕ ಜೀವಕ್ಕೆ ಕಾಳು ಹಾಕೋದು ಪುಣ್ಯ. ನಮ್ಮ ತಾತ ಪಾರಿವಾಳ ಸಾಕಿ 88 ವರ್ಷ ಬದುಕಿದರು.

ಡಾಕ್ಟರು: ಸಂತೋಷ. ಎಲ್ಲರಿಗೂ ಬರುತ್ತದೆ ಅಂತ ನಾನು ಬರೆದಿಲ್ಲ.

ರೇಖಾ: ಪುಣ್ಯ ನಿಮಗೆ, ಹಿಕ್ಕೆ ಕೆಳಗಿನ ಮನೆಯವರಿಗೆ. 2025ರಲ್ಲಿ ಮುಂಬೈನಲ್ಲಿ ಪಾರಿವಾಳಕ್ಕೆ ಕಾಳು ಹಾಕೋ ಜಾಗ, ದಾದರ್ ಕಬೂತರ್‌ಖಾನಾ, ಸುಮ್ನೆ ಮುಚ್ಚಿದ್ರಾ?

ಶ್ರೀನಿವಾಸ: ಅದರ ಮೇಲೆ ಎಷ್ಟು ಗಲಾಟೆ ಆಯ್ತು ಅದೂ ಹೇಳಿ ಮೇಡಂ. ಕಾರಿನ ಹೊಗೆ ಬಿಟ್ಟು ಹಕ್ಕಿ ಮೇಲೆ ಬಿದ್ದಿದ್ದೀರಿ.

ಶರಣಪ್ಪ: ಸರ್, ಕಲಬುರಗಿ. ವಯಸ್ಸು 29. ರಾತ್ರಿ ಎರಡು ಗಂಟೆಗೆ ಕೆಮ್ಮು, ಸುಂಯ್ ಅಂತ ಸದ್ದು. ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಬಿಳಿ ರಕ್ತಕಣ 5,200.

ಡಾಕ್ಟರು: ಟ್ರಾಪಿಕಲ್ ಪಲ್ಮನರಿ ಇಯೊಸಿನೊಫಿಲಿಯಾ ಇರಬಹುದು. ಆನೆಕಾಲು ತರುವ ಫೈಲೇರಿಯಾ ಹುಳುವಿನ ಮರಿಗಳಿಗೆ ಶ್ವಾಸಕೋಶ ಸಿಡುಕುವುದು. ಕಾಲು ಊದಿರಬೇಕು ಅಂತೇನಿಲ್ಲ. ಲೆಕ್ಕ 3,000 ದಾಟಿ ಕೆಮ್ಮು ರಾತ್ರಿ ಜಾಸ್ತಿ ಇದ್ದರೆ ಇದನ್ನು ಮೊದಲು ನೋಡಬೇಕು. ಫೈಲೇರಿಯಾ ಆಂಟಿಬಾಡಿ, ಬೇರೆ ಹುಳುವಿಗೆ ಮಲ ಪರೀಕ್ಷೆ, ನಂತರ ಫೈಲೇರಿಯಾಕ್ಕೆ ಕೊಡುವ ಡಿಇಸಿ ಮಾತ್ರೆ ಮೂರು ವಾರ. ಔಷಧಿ ಅಂಗಡಿಯಲ್ಲಿ ನೀವೇ ಕೇಳಿ ತಗೋಬೇಡಿ.

ವಾಣಿ: ವೇಪ್ ಸೇದಿದರೂ ಹೀಗೆ ಆಗುತ್ತಾ ಸರ್? ತಮ್ಮನಿಗೆ 19.

ನಾಗರಾಜ್: ಫಾರ್ವರ್ಡ್ ಬಂದಿದೆ: ಕರ್ಪೂರ, ಓಮ ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದೆ. 10 ಸೆಕೆಂಡ್ ಉಸಿರು ಹಿಡಿದರೆ ಶ್ವಾಸಕೋಶ ಸರಿ ಇದೆ ಅಂತ.

ಡಾಕ್ಟರು: ಕರ್ಪೂರ ಮೂಗು ಬಿಟ್ಟ ಹಾಗೆ ಅನ್ನಿಸುತ್ತದೆ, ಆಕ್ಸಿಜನ್ ಒಂದು ಅಂಕೆಯೂ ಏರಲ್ಲ. ಚಿಕ್ಕ ಮಗು ನುಂಗಿದರೆ ಫಿಟ್ಸ್ ಬರುತ್ತದೆ. ಹತ್ತು ಸೆಕೆಂಡ್ ಹಿಡಿದವರನ್ನೂ ಐಸಿಯುಗೆ ಸೇರಿಸಿದ್ದೇನೆ. ಹೆಸರಿಲ್ಲದ ಪೊಟ್ಟಣದ ‘ದಮ್ಮಿನ ಪುಡಿ’ ಎರಡು ದಿನದಲ್ಲಿ ಪವಾಡ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರಾ ಅಂತ ಅನುಮಾನ ಪಡಿ.

ಹುಸೇನ್: ಇಳಕಲ್ ಸರ್. ಗ್ರಾನೈಟ್ ಪಾಲಿಶ್, 14 ವರ್ಷ. ವಯಸ್ಸು 38. ಟಿಬಿ ಅಂತ ಎರಡು ಸಲ ಕೋರ್ಸ್ ಆಯ್ತು. ಸೈಕಲ್ ತುಳಿಯೋಕೆ ಆಗ್ತಿಲ್ಲ.

ಡಾಕ್ಟರು: ಹುಸೇನ್ ಭಾಯಿ, ಡಾಕ್ಟರಿಗೆ ಮೊದಲ ಮಾತೇ ನಿಮ್ಮ ಕೆಲಸ ಹೇಳಿ, ಅವರು ಕೇಳದಿದ್ದರೂ ಹೇಳಿ. ಕಲ್ಲಿನ ಸಣ್ಣ ದೂಳಿನಿಂದ ಸಿಲಿಕೋಸಿಸ್ ಬರುತ್ತದೆ. ಎಕ್ಸ್‌ರೇಯಲ್ಲಿ ಟಿಬಿ ಥರವೇ ಕಾಣುತ್ತದೆ. ಇದು ಇದ್ದವರಿಗೆ ಟಿಬಿ ಬರುವುದೂ ಜಾಸ್ತಿ, ಹಾಗಾಗಿ ಎರಡೂ ಇರಬಹುದು. ಕಫದಲ್ಲಿ ಟಿಬಿ ಹುಡುಕುವ ಸಿಬಿನಾಟ್ ಪರೀಕ್ಷೆ ಮಾಡಿಸಿ. ವಾಸಿ ಮಾಡುವ ಮದ್ದು ಇಲ್ಲ, ದೂಳು ಬಿಡಬೇಕು. ಇದು ಕೆಲಸದಿಂದ ಬಂದ ಕಾಯಿಲೆ, ಕಾನೂನಿನಲ್ಲಿ ಪರಿಹಾರ ಇದೆ. ಕಾಗದದಲ್ಲಿ ‘ಹಳೆ ಟಿಬಿ’ ಅಂತ ಮಾತ್ರ ಬರೆದರೆ ಅದು ಕೈತಪ್ಪುತ್ತದೆ. ಎಷ್ಟು ವರ್ಷ, ಎಲ್ಲಿ ಕೆಲಸ ಅಂತ ಬರೆಸಿಕೊಳ್ಳಿ.

ಪ್ರಕಾಶ್: ಇನ್‌ಹೇಲರ್ ಒಮ್ಮೆ ಶುರು ಮಾಡಿದರೆ ಬಿಡೋಕೆ ಆಗಲ್ಲ ಅಂತಾರಲ್ಲ?

ಡಾಕ್ಟರು: ಮೇಲೆ ಓದಿ.

ಮಹೇಶ: ಸರ್ ಅರ್ಜೆಂಟ್. ತಂಗಿಗೆ ಹೆರಿಗೆ ಆಗಿ 11 ದಿನ, ಸಿಸೇರಿಯನ್. ಬೆಳಿಗ್ಗೆಯಿಂದ ಇದ್ದಕ್ಕಿದ್ದ ಹಾಗೆ ಏದುಸಿರು, ಎದೆ ಚುಚ್ಚುತ್ತಿದೆ. ಎಡಗಾಲು ಊದಿದೆ.

ಸುಶೀಲಮ್ಮ: ಬಾಣಂತಿ ವಾಯು ಕಣಪ್ಪ. ಕಾಲಿಗೆ ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿ, ಬೆಳ್ಳುಳ್ಳಿ ಕಷಾಯ ಕೊಡಿ.

ಡಾಕ್ಟರು: ಕಾಲು ಮುಟ್ಟಬೇಡಿ! ಮಹೇಶ, ಫೋನ್ ಇಟ್ಟು 108ಕ್ಕೆ ಮಾಡಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿರಬಹುದು. ತಿಕ್ಕಿದರೆ ಇನ್ನೊಂದು ಚೂರು ಹೋಗಬಹುದು. ರಕ್ತನಾಳದ ಸ್ಕ್ಯಾನ್, ಸಿಟಿ ಆಂಜಿಯೋ, ಇರುವ ಆಸ್ಪತ್ರೆಗೆ ಹೋಗಿ. ಬಾಗಿಲಲ್ಲೇ ‘ಸಿಸೇರಿಯನ್ 11 ದಿನ, ಒಂದೇ ಕಾಲು ಊತ’ ಅಂತ ಹೇಳಿ. ಎಕ್ಸ್‌ರೇ ಸರಿ ಇದೆ ಅಂತ ವಾಪಸ್ ಕಳಿಸಿದರೆ ಒಪ್ಪಬೇಡಿ.

ಸುಶೀಲಮ್ಮ: ನಾಲ್ಕು ಬಾಣಂತನ ಮಾಡಿದ್ದೀನಿ, ನನಗೆ ಹೇಳ್ತೀರಾ?

ಡಾಕ್ಟರು: ಹೌದಮ್ಮ, ಹೇಳುತ್ತಿದ್ದೇನೆ. ದಯವಿಟ್ಟು ಆ ಸಲಹೆ ಅಳಿಸಿ. ಮಹೇಶ, ಹೊರಟಿರಾ?

ಶ್ರೀನಿವಾಸ: ಇಂಗ್ಲಿಷ್ ಔಷಧಿಯವರಿಗೆ ಮನೆಮದ್ದು ಅಂದರೆ ಆಗಲ್ಲ, ಪಾರಿವಾಳ ಅಂದರೂ ಆಗಲ್ಲ.

ರೇಖಾ: ಅಲ್ಲಿ ಒಬ್ಬಳ ಜೀವ ಹೋಗ್ತಿದೆ, ನಿಮ್ಮದು ಪಾರಿವಾಳ.

ಮಹೇಶ: ಆಂಬುಲೆನ್ಸ್‌ನಲ್ಲಿದ್ದೀವಿ ಸರ್. ಆಕ್ಸಿಜನ್ ಹಾಕಿದ್ದಾರೆ. ಜಿಲ್ಲಾಸ್ಪತ್ರೆಗೆ ಇನ್ನು 20 ನಿಮಿಷ.

ಡಾಕ್ಟರು: ಸರಿ. ತಲುಪಿದ ಮೇಲೆ ಬರೆಯಿರಿ. ಉಳಿದವರು ಇವತ್ತಿಗೆ ಬಿಡಿ, ನನಗೂ ಸಾಕಾಗಿದೆ. ಗೀತಾ, ಒಂದೇ ಮಾತು. ತಂದೆ ಕಾಳು ನಿಲ್ಲಿಸಿದರಾ?

ಗೀತಾ: ಪೂರ್ತಿ ಓದಿಸಿದೆ ಸರ್. ಬಾಲ್ಕನಿ ಬೇಡ, ನಾಳೆಯಿಂದ ಟೆರೇಸ್‌ನಲ್ಲಿ ಹಾಕ್ತೀನಿ ಅಂದರು.

ಡಾಕ್ಟರು: ಟೆರೇಸ್‌ನಲ್ಲಿ ಬಟ್ಟೆ ಒಣಗಿಸೋದು ಯಾರು?

ಗೀತಾ: ಅಮ್ಮ.