ಅಪವರ್ತನ ಸಿಗದೆಯೇ ಅವಿಭಾಜ್ಯ ಅಲ್ಲ ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ, ಡೊಂಬಿವಲಿ:
67 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ 147573952589676412927. ಇದು ಅವಿಭಾಜ್ಯ ಅಲ್ಲ ಅಂತ ಫ್ರೆಂಚ್ ಗಣಿತಜ್ಞ ಲ್ಯೂಕಾ 1876ರಲ್ಲೇ ತೋರಿಸಿದ್ದರು. ಅಪವರ್ತನಗಳನ್ನು ಫ್ರಾಂಕ್ ನೆಲ್ಸನ್ ಕೋಲ್ ಮುಂದಿಟ್ಟದ್ದು 1903ರಲ್ಲಿ: 193707721 × 761838257287. ನಿನ್ನೆ ಲೋಕಲ್‌ನಲ್ಲಿ ಠಾಣೆಯಿಂದ ದಾದರ್‌ವರೆಗೆ ಪೆನ್ಸಿಲ್ ಹಿಡಿದು ಗುಣಿಸಿದೆ. 21 ಅಂಕಿಯೂ ಸರಿ ಬಂತು, ಮೈ ಜುಮ್ಮೆಂದಿತು! ಆದರೆ 27 ವರ್ಷ ಮೊದಲೇ ಹೇಗೆ ಗೊತ್ತಾಯಿತು?

ಉತ್ತರ, ಮಾಟುಂಗಾ:
ಸಾರ್, ಚಿಕ್ಕ ಸಂಖ್ಯೆಯಲ್ಲಿ ನೋಡಿ. ಬೆಸ ಅವಿಭಾಜ್ಯವಾದರೆ, ಅದಕ್ಕಿಂತ ಒಂದು ಕಡಿಮೆ ಎರಡುಗಳನ್ನು ಗುಣಿಸಿ ಅದರಿಂದಲೇ ಭಾಗಿಸಿದಾಗ ಶೇಷ 1 ಬರಲೇಬೇಕು. 7ಕ್ಕೆ ಆರು ಎರಡುಗಳು, ಅಂದರೆ 64, ಶೇಷ 1. 15ಕ್ಕೆ 16384, ಶೇಷ 4. ಸಿಕ್ಕಿಬಿತ್ತು! 3, 5 ಬೇಕಾಗಲೇ ಇಲ್ಲ ಅಲ್ವಾ? ಲ್ಯೂಕಾ ಪರೀಕ್ಷೆ ಬೇರೆ, ಆದರೆ ಉಪಾಯ ಇದೇ ಜಾತಿಯದು.

ಉತ್ತರ, ಪುಣೆ:
341 ಮರೆಯಬೇಡಿ. ಶೇಷ 1 ಬರುತ್ತದೆ, ಆದರೂ ಅದು 11 × 31.

ಡೊಂಬಿವಲಿ:
ಈಗಷ್ಟೇ 9ಕ್ಕೆ ಮಾಡಿದೆ. 256, ಶೇಷ 4. ರಾತ್ರಿ ಮಗಳಿಗೆ ತೋರಿಸುತ್ತೇನೆ.