ಓದುಗರ ಸ್ಪಂದನ: ‘ಮುಟ್ಟಿದರೆ ಮುನಿ ಅಂತಾರೆ, ಏನು ಮಾಡಲಿ?’

(ಹೋದ ಸಲದ ಪತ್ರ: ನನಗೆ 28 ವರ್ಷ. ಚಿತ್ರ ಬಿಡಿಸುತ್ತೇನೆ. ಮಿಕ್ಸಿ ಸದ್ದಿಗೂ ಎದೆ ಝಲ್ ಅನ್ನುತ್ತದೆ. ಮದುವೆಮನೆಗೆ ಹೋಗಿ ಬಂದರೆ ಎರಡು ದಿನ ಸುಸ್ತು. ಅಜ್ಜಿಯ ಕೈಗಳ ಚಿತ್ರ ಶುರು ಮಾಡಿದ್ದೆ. ‘ಇದೇನು, ಬೇರಿನ ಥರ ಇದೆ’ ಅಂತ ಅತ್ತಿಗೆ ಅಂದರು. ಅವತ್ತಿನಿಂದ ಅದು ಅರ್ಧಕ್ಕೇ ನಿಂತಿದೆ. ಮನೆಯಲ್ಲಿ ಎಲ್ಲರೂ ನನ್ನನ್ನು ಮುಟ್ಟಿದರೆ ಮುನಿ ಅಂತಾರೆ. ಗಟ್ಟಿಯಾಗುವುದು ಹೇಗೆ?)

ಗಟ್ಟಿಯಾಗುವುದು ಹೇಗೆ ಅಂತ ಕೇಳಿದ್ದೀರಿ. ನಾನು 30 ವರ್ಷದಿಂದ ಮೈಸೂರು ಶೈಲಿಯ ಚಿತ್ರ ಮಾಡುತ್ತಿದ್ದೇನೆ, ಇನ್ನೂ ಆಗಿಲ್ಲಮ್ಮ. ನಮ್ಮ ಕೆಲಸದಲ್ಲಿ ಒಡವೆ, ಜರಿಯಂಚು ಬರುವ ಕಡೆ ಮೊದಲು ಸಫೇದ ಅನ್ನುವ ಬಿಳಿ ಪುಡಿ, ಗೋಂದು, ಮಕ್ಕಿ ಅನ್ನುವ ಹಳದಿ ಅಂಟು ಸೇರಿಸಿದ ಪೇಸ್ಟನ್ನು ಸಣ್ಣ ಬ್ರಷ್‌ನಲ್ಲಿ ಎಳೆ ಎಳೆಯಾಗಿ ಇಡಬೇಕು. ತಂಜಾವೂರು ಚಿತ್ರದಲ್ಲಿ ಉಬ್ಬು ಜಾಸ್ತಿ. ನಮ್ಮದು ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ಅದರ ಮೇಲೆ ಚಿನ್ನದ ರೇಕು. ಆಗ ಫ್ಯಾನ್ ಹಾಕುವ ಹಾಗಿಲ್ಲ, ಜೋರಾಗಿ ಉಸಿರು ಬಿಟ್ಟರೂ ರೇಕು ಮಡಚಿಕೊಳ್ಳುತ್ತದೆ. ಅಂಟು ಹದಕ್ಕೆ ಬಂದಿದೆಯಾ ಅಂತ ಬೆರಳ ಗೆಣ್ಣಿನಿಂದ ಮುಟ್ಟಿ ನೋಡುತ್ತೇನೆ. ತೀರಾ ಹಸಿ ಇದ್ದರೆ ಚಿನ್ನ ಮಂಕಾಗುತ್ತದೆ, ತೀರಾ ಒಣಗಿದ್ದರೆ ಹಿಡಿಯುವುದೇ ಇಲ್ಲ. ಆ ಒಂದು ಕೂದಲೆಳೆ ವ್ಯತ್ಯಾಸ ನನ್ನ ಗೆಣ್ಣಿಗೆ ಗೊತ್ತಾಗುತ್ತದೆ. ಅದೇ ಗೆಣ್ಣಿಗೆ ನೈಲಾನ್ ಸೀರೆ ತಾಗಿದರೆ ಮೈಯೆಲ್ಲಾ ಜುಮ್ಮೆನ್ನುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡೋಕೆ ನನಗಂತೂ ಆಗಲಿಲ್ಲ.

ಹಾಗಂತ ಮದುವೆ ಬಿಡಬೇಡಿ. ನಾನು ಮುಹೂರ್ತಕ್ಕೆ ಹೋಗುತ್ತೇನೆ, ಮೊದಲ ಪಂಕ್ತಿಯಲ್ಲಿ ಊಟ, ಆಮೇಲೆ ಆಟೋ. ಆರತಕ್ಷತೆಗೆ ಇಲ್ಲ. ತೀರಾ ಹತ್ತಿರದವರ ಮದುವೆಯಾದರೆ ಹೂ ಕಟ್ಟುವ ಕೋಣೆ ನನ್ನದು. ಬಾಗಿಲು ಮುಂದೆ ಮಾಡಿಕೊಂಡು ಮಲ್ಲಿಗೆ ಕಟ್ಟುತ್ತಾ ಕೂತರೆ ಯಾರೂ ಏನೂ ಅನ್ನಲ್ಲ, ಉಲ್ಟಾ ಹೊಗಳುತ್ತಾರೆ! ಇನ್ನು ಆ ಚಿತ್ರ. ಅರ್ಧ ಬೆಂದ ಅನ್ನ ಬಡಿಸ್ತೀರಾ? ಮುಗಿಯುವ ತನಕ ಗೋಡೆಗೆ ಮುಖ ಮಾಡಿ ಇಡಿ.
— ಮೈಸೂರಿನ ಓದುಗರು

ನಾನು ಸಸ್ಯಶಾಸ್ತ್ರದ ಮೇಷ್ಟ್ರು, ಈಗ ನಿವೃತ್ತ. ಗಿಡದ ಪರವಾಗಿ ಎರಡು ಮಾತು. ಮುಟ್ಟಿದರೆ ಮುನಿ ಮುನಿಸಿಕೊಳ್ಳುವುದಿಲ್ಲ. ಎಲೆಯ ಬುಡದ ಉಬ್ಬಿನಲ್ಲಿರುವ ಜೀವಕೋಶಗಳಿಂದ ನೀರು ಹೊರಗೆ ಹೋಗುತ್ತದೆ, ಎಲೆ ಮಡಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಅಪಾಯವಿಲ್ಲದ ಒಂದೇ ಥರದ ತಟ್ಟನ್ನು ಮತ್ತೆ ಮತ್ತೆ ಕೊಟ್ಟರೆ ಮಡಚುವುದೂ ಕಡಿಮೆಯಾಗುತ್ತದೆ. ಅಮೆರಿಕದ ಬಿಸಿ ನಾಡುಗಳಿಂದ ಬಂದ ಗಿಡ ಇದು. ಇಲ್ಲಿ ಗದ್ದೆ ಬದು, ರಸ್ತೆ ಬದಿ ಎಲ್ಲಾ ಕಡೆ ಹಬ್ಬಿದೆ. ಮುಳ್ಳೂ ಇದೆ. ಕಿತ್ತು ನೋಡಿದವರಿಗೆ ಗೊತ್ತು. ಮುಂದಿನ ಸಲ ಯಾರಾದರೂ ಹಾಗಂದರೆ ಇದಿಷ್ಟು ಹೇಳಿ.
— ದಾವಣಗೆರೆ

ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ, ಬೇಜಾರಾಗಬೇಡಿ. ನನ್ನ ತಂಗಿಯೂ ಹೀಗೇ, ಚೆನ್ನಾಗಿ ಹಾಡುತ್ತಾಳೆ. ಅವಳಿಗೆ ನೋವಾಗುತ್ತೆ ಅಂತ 15 ವರ್ಷ ಮನೆಯಲ್ಲಿ ನಾವೆಲ್ಲಾ ಮೆತ್ತಗೆ ನಡೆದಿದ್ದೇವೆ, ಕುಕ್ಕರ್ ಕೂಗಿಸುವ ಮೊದಲು ಅವಳಿಗೆ ಹೇಳಿ ಕೂಗಿಸಿದ್ದೇವೆ, ಆದರೆ ನನ್ನ ಕೆಲಸ ಹೋದಾಗ ಹೇಗಿದ್ದೀಯ ಅಂತ ಅವಳು ಒಂದು ಮಾತು ಕೇಳಿದ್ದು ಮೂರು ತಿಂಗಳ ಮೇಲೆ. ನಿಮ್ಮ ಅತ್ತಿಗೆ ಅಂದಿದ್ದು ತಪ್ಪೇ ಇರಬಹುದು. ಆದರೆ ‘ಬೇರಿನ ಥರ’ ಅನ್ನುವುದು ಬೈಗುಳವೋ ಹೊಗಳಿಕೆಯೋ ಅಂತ ಅವರನ್ನೇ ಕೇಳಿದ್ದೀರಾ?
— ಹುಬ್ಬಳ್ಳಿಯ ಒಬ್ಬ ಅಣ್ಣ

ಇದಕ್ಕೊಂದು ಹೆಸರಿದೆ, ‘ಹೈಲಿ ಸೆನ್ಸಿಟಿವ್ ಪರ್ಸನ್’ (ತುಂಬಾ ಸೂಕ್ಷ್ಮ ಸ್ವಭಾವದವರು) ಅಂತ ಗೊತ್ತಾದ ದಿನ ನಾನು ಆಫೀಸ್ ಬಸ್ಸಿನಲ್ಲೇ ಅತ್ತುಬಿಟ್ಟೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಏರನ್ 1990ರ ದಶಕದಿಂದ ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಅವರ ಅಂದಾಜಿನಲ್ಲಿ ನೂರಕ್ಕೆ 15ರಿಂದ 20 ಜನ ಹೀಗಿರುತ್ತಾರೆ. ಕಾಯಿಲೆ ಅಲ್ಲ, ಸ್ವಭಾವ ಅಷ್ಟೆ. ನಾನು ಮಾಡಿದ್ದು ದೊಡ್ಡದೇನಲ್ಲ: ಪ್ರಿಂಟರ್ ಪಕ್ಕದ ಸೀಟು ಬದಲಿಸಿಕೊಂಡೆ, ಮಧ್ಯಾಹ್ನ ಕ್ಯಾಂಟೀನ್ ಬದಲು ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚುತ್ತೇನೆ. ಮ್ಯಾನೇಜರ್‌ಗೆ ನನ್ನ ಸ್ವಭಾವದ ಕಥೆಯೆಲ್ಲಾ ಹೇಳಲಿಲ್ಲ. ಸೀಟು ಬೇಕು ಅಂದೆ, ಕೊಟ್ಟರು.
— ಬೆಂಗಳೂರು

ಮದುವೆಮನೆಯ ಡಿಜೆ ಸದ್ದಿಗೆ ನಿಮ್ಮ ಸ್ವಭಾವವನ್ನು ಯಾಕೆ ಬೈದುಕೊಳ್ಳುತ್ತೀರಿ? 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ ಹರಿದಿನ ಅಂತ ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ 12ರವರೆಗೆ ಬಿಡಬಹುದು. ಮೀರಿದರೆ 112ಕ್ಕೆ ಫೋನ್ ಮಾಡಿ. ನಾನು ಮಾಡಿದ್ದೇನೆ.
— ತುಮಕೂರು

ಒಂದು ಎಚ್ಚರಿಕೆ. ನಾನೂ ಇದೆಲ್ಲಾ ನನ್ನ ಸ್ವಭಾವ ಅಂತಲೇ ಸುಮ್ಮನಿದ್ದೆ. ಆಮೇಲೆ ನಿದ್ದೆ ಹೋಯ್ತು, ಊಟ ಸೇರಲಿಲ್ಲ, ಬಣ್ಣದ ಡಬ್ಬಿ ನೋಡಿದರೂ ಏನೂ ಅನ್ನಿಸುತ್ತಿರಲಿಲ್ಲ. ಸೂಕ್ಷ್ಮ ಇದ್ದವಳಿಗೆ ಏನೂ ಅನ್ನಿಸದೇ ಹೋಗುವುದು, ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಅದು ಖಿನ್ನತೆ ಅಂತ ಡಾಕ್ಟರು ಹೇಳಿದರು. ನಿಮಗೂ ವಾರಗಟ್ಟಲೆ ಹಾಗಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರ ಓದಿದರೆ ಹಾಗೆ ಅನ್ನಿಸಲಿಲ್ಲ, ಆದರೂ ಹೇಳಿರೋಣ ಅಂತ.
— ಶಿವಮೊಗ್ಗ

ನಮ್ಮಜ್ಜಿಯ ಕೈಯೂ ಬೇರಿನ ಥರವೇ ಇತ್ತು. ಕಡೆಗಾಲದಲ್ಲಿ ಬಳೆ ಗೆಣ್ಣು ದಾಟುತ್ತಿರಲಿಲ್ಲ, ಸೋಪು ಹಚ್ಚಿ ತೆಗೆಯಬೇಕಿತ್ತು. ನಿಮ್ಮ ಚಿತ್ರ ಎಲ್ಲಿಯವರೆಗೆ ಬಂದಿದೆ? ಬಳೆ ಬಿಡಿಸಿದ್ದೀರಾ?
— ಸಾಗರ