ಐಎಫ್ ಬ್ಯಾಂಡ್‌ವಿಡ್ತ್ ಇಳಿಸಿದರೂ ಮೈಕ್ರೋವೇವ್ ಚಿತ್ರದಲ್ಲಿ ಇಲ್ಲದ ಗಡ್ಡೆ ಕಾಣುತ್ತಿದೆ

ಪ್ರಶ್ನೆ:
ಸ್ತನ ಚಿತ್ರಣದ ಪ್ರಯೋಗಾಲಯ ಮಾದರಿ. 15 ಸೆಂ.ಮೀ. ವ್ಯಾಸದ ವೃತ್ತದಲ್ಲಿ 16 ಮಾನೊಪೋಲ್ (ಒಂಟಿ ಕಡ್ಡಿಯ) ಆಂಟೆನಾ, ಸುತ್ತ 80:20 ಗ್ಲಿಸರಿನ್–ನೀರು, ಎರಡು ಪೋರ್ಟಿನ ವಿಎನ್‌ಎ (ಸಿಗ್ನಲ್ ಕಳುಹಿಸಿ, ಬಂದದ್ದನ್ನು ಅಳೆಯುವ ಉಪಕರಣ), ನಡುವೆ ಅದನ್ನು ಬೇಕಾದ ಆಂಟೆನಾ ಜೋಡಿಗೆ ಸೇರಿಸುವ ಸ್ವಿಚ್ ಮ್ಯಾಟ್ರಿಕ್ಸ್. 0.9ರಿಂದ 1.7 ಗಿಗಾಹರ್ಟ್ಸ್, ಪ್ರತಿ 50 ಮೆಗಾಹರ್ಟ್ಸ್‌ಗೆ ಒಂದು ಬಿಂದು. ಎಸ್21 (ಕಳುಹಿಸಿದ್ದರಲ್ಲಿ ತಲುಪಿದ ಪಾಲು) ಪಕ್ಕದ ಆಂಟೆನಾಗೆ −45 ಡಿಬಿ, ಎದುರಿನದಕ್ಕೆ −95. ಐಎಫ್ ಬ್ಯಾಂಡ್‌ವಿಡ್ತ್ (ವಿಎನ್‌ಎ ಒಳಗಿನ ಫಿಲ್ಟರಿನ ಅಗಲ; ಕಿರಿದಾದಷ್ಟೂ ನಾಯ್ಸ್ ಕಡಿಮೆ) 1 ಕಿಲೋಹರ್ಟ್ಸ್‌ನಿಂದ 10 ಹರ್ಟ್ಸ್‌ಗೆ ಇಳಿಸಿದ ಮೇಲೆ ಗೆರೆ ನುಣುಪಾಗಿದೆ, ಹತ್ತು ಸಲ ಅಳೆದರೂ ವ್ಯತ್ಯಾಸ 0.1 ಡಿಬಿ ದಾಟುವುದಿಲ್ಲ. ಆದರೂ ಏನೂ ಇಡದ ಕಡೆ ಗಡ್ಡೆಯಂಥ ಚುಕ್ಕೆ ಬರುತ್ತದೆ. ಮಧ್ಯಾಹ್ನ ಅದರ ಜಾಗವೇ ಬೇರೆ. ಅಲ್ಗಾರಿದಮ್ಮನ್ನು ಅನುಮಾನಿಸಬೇಕೆ?

ಉತ್ತರ 1:
ಇನ್ನೂ ಬೇಡ. ಪದೇ ಪದೇ ಒಂದೇ ಸಂಖ್ಯೆ ಬಂದರೆ ನಾಯ್ಸ್ ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಐಎಫ್ ನೂರನೇ ಒಂದಕ್ಕೆ ಇಳಿದರೆ ನಾಯ್ಸ್ ಫ್ಲೋರ್ (ನಾಯ್ಸಿನ ತಳಮಟ್ಟ) 20 ಡಿಬಿ ಕೆಳಗಿಳಿಯುತ್ತದೆ. ಸ್ವಿಚ್ಚಿನೊಳಗೆ ಒಂದು ದಾರಿಯಿಂದ ಇನ್ನೊಂದಕ್ಕೆ ಆಗುವ ಸೋರಿಕೆ ಹಾಗಲ್ಲ: ಅದು ಸಿಗ್ನಲ್ಲಿನ ಜೊತೆಗೇ, ಅದೇ ಫ್ರೀಕ್ವೆನ್ಸಿಯಲ್ಲಿ ಬರುವುದರಿಂದ ಎಷ್ಟು ಆವರೇಜ್ ಮಾಡಿದರೂ ಹೋಗುವುದಿಲ್ಲ.

ಮ್ಯಾಟ್ರಿಕ್ಸ್‌ನಿಂದ 16 ಕೇಬಲ್ಲುಗಳನ್ನೂ ಬಿಚ್ಚಿ, ಪ್ರತಿ ಪೋರ್ಟಿಗೂ 50 ಓಮ್ ಟರ್ಮಿನೇಷನ್ (ಸಿಗ್ನಲ್ ಹೀರುವ ಮುಚ್ಚಳ) ಹಾಕಿ, ಅದೇ 10 ಹರ್ಟ್ಸ್‌ನಲ್ಲಿ ಅಳೆಯಿರಿ; ಆಗ ಕಾಣುವುದು ಸೋರಿಕೆ ಮಾತ್ರ. ಸೋರಿಕೆ ಸಿಗ್ನಲ್ಲಿಗಿಂತ 20 ಡಿಬಿ ಕೆಳಗಿದ್ದರೂ ಅಳತೆ 0.9 ಡಿಬಿ, ಫೇಸ್ (ಅಲೆಯ ಹಂತ) ಸುಮಾರು 6 ಡಿಗ್ರಿ ತಪ್ಪಬಹುದು. 40 ಡಿಬಿ ಕೆಳಗಿದ್ದರೆ 0.09 ಡಿಬಿ, 0.6 ಡಿಗ್ರಿ.

ಆಮೇಲೆ ಕೇಬಲ್ ಜೋಡಿಸಿ, ಒಂದೊಂದನ್ನೇ ಕೈಯಲ್ಲಿ ಹಿಡಿದು ಸವರಿ. ಎದುರಿನ ಆಂಟೆನಾದ ಫೇಸ್ ಅಲುಗಿದರೆ ಕೇಬಲ್ಲಿನ ಹೊರ ಹೆಣಿಗೆಯ ಮೇಲೆ ಕರೆಂಟ್ ಹರಿಯುತ್ತಿದೆ. ಗ್ರೌಂಡ್ ಪ್ಲೇನ್ (ಬುಡದ ಲೋಹದ ಹಾಳೆ) ಇಲ್ಲದ ಮಾನೊಪೋಲ್‌ಗೆ ಇದು ಸಹಜ; ಅದನ್ನು ಹೀರಿಕೊಳ್ಳಬೇಕಾದದ್ದು ದ್ರವವೇ. ಮಟ್ಟ 2 ಸೆಂ.ಮೀ. ಏರಿಸಿ ನೋಡಿ, ಅಳತೆ ಬದಲಾದರೆ ಆಳ ಸಾಲದು.

ಉತ್ತರ 2:
ಚುಕ್ಕೆ ಮಧ್ಯಾಹ್ನ ಜಾಗ ಬದಲಿಸಲು ಉಷ್ಣತೆ ಕಾರಣವಿರಬಹುದು. ಈ ದ್ರವದಲ್ಲಿ 1.3 ಗಿಗಾಹರ್ಟ್ಸ್ ಅಲೆಯ ಉದ್ದ ಹೆಚ್ಚುಕಡಿಮೆ 46 ಮಿ.ಮೀ. ಪರ್ಮಿಟಿವಿಟಿ (ದ್ರವ ಅಲೆಯನ್ನು ಎಷ್ಟು ನಿಧಾನಿಸುತ್ತದೆ ಎಂಬುದನ್ನು ನಿರ್ಧರಿಸುವ ಗುಣ) 1% ಬದಲಾದರೆ ಸಾಕು, 15 ಸೆಂ.ಮೀ. ದಾರಿಯಲ್ಲಿ ಫೇಸ್ 6 ಡಿಗ್ರಿ ಸರಿಯುತ್ತದೆ. ಆಂಟೆನಾ 1 ಮಿ.ಮೀ. ವಾಲಿದರೆ 7–8 ಡಿಗ್ರಿ. ಖಾಲಿ ತೊಟ್ಟಿಯ ಕ್ಯಾಲಿಬ್ರೇಷನ್ ಬೆಳಗ್ಗೆ ಮಾಡಿ ಮಧ್ಯಾಹ್ನ ಬಳಸಬೇಡಿ. ಗ್ಲಿಸರಿನ್ ಗಾಳಿಯ ತೇವ ಹೀರುತ್ತದೆ, ತೊಟ್ಟಿ ಮುಚ್ಚಿಡಿ. ಕಲಕಿದ ಮೇಲೆ ಆಂಟೆನಾಗೆ ಅಂಟುವ ಗುಳ್ಳೆಗಳನ್ನೂ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಟರ್ಮಿನೇಷನ್ ಹಾಕಿದಾಗ −104 ಡಿಬಿ ಬಂತು. ದ್ರವ ಬೆಳಗ್ಗೆ 23, ಮಧ್ಯಾಹ್ನ 27 ಡಿಗ್ರಿ. ಪವರ್ ಏರಿಸಲೇ? ಐಸೊಲೇಷನ್ ಕ್ಯಾಲಿಬ್ರೇಷನ್ (ಸೋರಿಕೆ ಅಳೆದು ಕಳೆಯುವುದು) ಸಾಕೆ?

ಉತ್ತರ 1:
ಎದುರಿನ ಆಂಟೆನಾದ −95ಕ್ಕೂ ಸೋರಿಕೆಯ −104ಕ್ಕೂ ಅಂತರ ಬರೀ 9 ಡಿಬಿ. ಎದುರಿನ ಆಂಟೆನಾಗಳ ಅಳತೆ −3.8ರಿಂದ +2.6 ಡಿಬಿವರೆಗೆ, ಫೇಸ್ 21 ಡಿಗ್ರಿವರೆಗೆ ತಪ್ಪಿರಬಹುದು. ಸ್ತನದ ಮಧ್ಯಭಾಗದ ಮಾಹಿತಿ ಹೆಚ್ಚಾಗಿ ಬರುವುದೇ ಆ ಅಳತೆಗಳಿಂದ.

ಪವರ್ ಏರಿಸಿದರೆ ಸೋರಿಕೆಯೂ ಅಷ್ಟೇ ಏರುತ್ತದೆ. ಐಸೊಲೇಷನ್ ಕ್ಯಾಲಿಬ್ರೇಷನ್ ಸ್ವಿಚ್ಚಿನೊಳಗಿನ ಸ್ಥಿರ ಸೋರಿಕೆಯನ್ನು ಕಳೆಯಬಲ್ಲದು, ಹೊರ ಹೆಣಿಗೆಯದನ್ನು ಅಲ್ಲ. ಅದು ಒಳಗೇನಿಟ್ಟಿದ್ದೀರಿ ಎಂಬುದಕ್ಕೆ ತಕ್ಕಂತೆ ಬದಲಾಗುತ್ತದೆ. ಡಿಬಿಯಲ್ಲಿ ಖಾಲಿ ತೊಟ್ಟಿಯ ಅಳತೆ ಕಳೆಯುವುದರಿಂದಲೂ ಕೂಡಿಕೊಂಡ ಸೋರಿಕೆ ಹೋಗದು. ಕಳುಹಿಸುವ ಮತ್ತು ಸ್ವೀಕರಿಸುವ ಸ್ವಿಚ್ಚುಗಳನ್ನು ಬೇರೆ ಬೇರೆ ಲೋಹದ ಡಬ್ಬಿಗಳಲ್ಲಿಡಿ, ಪ್ರತಿ ದಾರಿಯಲ್ಲಿ ಇನ್ನೊಂದು ಸ್ವಿಚ್ ಸರಣಿಯಲ್ಲಿ ಸೇರಿಸಿ. ಸ್ವೀಕರಿಸುವ ಕಡೆ ಸ್ವಿಚ್ಚಿಗಿಂತ ಮೊದಲೇ ಲೋ-ನಾಯ್ಸ್ ಆಂಪ್ಲಿಫೈಯರ್ ಕೂರಿಸಿದರೆ ಸಿಗ್ನಲ್ ಸೋರಿಕೆಗಿಂತ ಮೇಲೇಳುತ್ತದೆ.

ಉತ್ತರ 2:
10 ಹರ್ಟ್ಸ್ ಎಲ್ಲ ಜೋಡಿಗೂ ಬೇಡ. 240 ದಾರಿ, 17 ಬಿಂದು, ಬಿಂದುವಿಗೆ 0.1 ಸೆಕೆಂಡ್ ಎಂದರೆ ಸುಮಾರು 7 ನಿಮಿಷ; ಅಷ್ಟು ಹೊತ್ತು ರೋಗಿ ಅಲುಗದೆ ಇರಲಾರರು. ಹತ್ತಿರದ ಜೋಡಿಗಳಿಗೆ 1 ಕಿಲೋಹರ್ಟ್ಸ್ ಧಾರಾಳ, ದೂರದವಕ್ಕಷ್ಟೇ 10 ಇಡಿ.